ಲಾರಿಯ ಟಾರ್ಪಾಲು ಸೈಕಲ್ ಚೀಲವಾದ ಬಗೆ

1981ರಲ್ಲಿ ಹಾರ್ಟ್‌ಮುಟ್ ಆರ್ಟ್‌ಲೀಬ್ ಎಂಬ ಜರ್ಮನಿಯ ಯುವಕರು ದಕ್ಷಿಣ ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸ ಮಾಡುತ್ತಿದ್ದರು. ಮಳೆ ಹಿಡಿದುಕೊಂಡಿತು. ಸೈಕಲ್ಲಿಗೆ ಕಟ್ಟಿದ್ದ ಚೀಲಗಳು ನೆನೆದು, ಒಳಗಿನ ಸಾಮಾನೂ ತೊಪ್ಪೆಯಾಯಿತು. ಅದೇ ರಸ್ತೆಯಲ್ಲಿ, ಅದೇ ಮಳೆಯಲ್ಲಿ ಲಾರಿಗಳೂ ಓಡುತ್ತಿದ್ದವು. ಟಾರ್ಪಾಲಿನ ಅಡಿಯಲ್ಲಿದ್ದ ಅವುಗಳ ಸರಕಿಗೆ ನೀರು ತಾಕುತ್ತಿರಲಿಲ್ಲ. ಲಾರಿಯ ಸರಕನ್ನು ಕಾಯುವ ಬಟ್ಟೆ ಸೈಕಲ್ ಸವಾರನ ಸಾಮಾನನ್ನೂ ಏಕೆ ಕಾಯಬಾರದು? ಊರಿಗೆ ಮರಳಿದ ಆರ್ಟ್‌ಲೀಬ್ ಲಾರಿ ಟಾರ್ಪಾಲನ್ನು ಕತ್ತರಿಸಿ, ತಾಯಿಯ ಹೊಲಿಗೆ ಯಂತ್ರದಲ್ಲಿ ಮೊದಲ ಚೀಲಗಳನ್ನು ಹೊಲಿದರು. 1982ರಲ್ಲಿ ಅವರ ಹೆಸರಿನದೇ ಕಂಪನಿ ಶುರುವಾಯಿತು. ಬವೇರಿಯಾದ ಹೈಲ್ಸ್‌ಬ್ರಾನ್ ಎಂಬ ಸಣ್ಣ ಊರಿನಲ್ಲಿ ಅದು ಇಂದಿಗೂ ಸೈಕಲ್ ಚೀಲಗಳನ್ನು ಮಾಡುತ್ತಿದೆ.

ಅದಕ್ಕೆ ಮೊದಲು ಒಳ್ಳೆಯ ಸೈಕಲ್ ಚೀಲಗಳೇ ಇರಲಿಲ್ಲ ಎಂದಲ್ಲ. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ, ನೆಲ್ಸನ್ ಎಂಬ ಹತ್ತಿ ಗಿರಣಿಗಳ ಊರಿನಲ್ಲಿ, ವಿಲ್ಫ್ ಕ್ಯಾರಡೈಸ್ 1932ರಲ್ಲೇ ಸೀಟಿನ ಹಿಂದೆ ಕಟ್ಟುವ ಚೀಲಗಳನ್ನು ಹೊಲಿಯತೊಡಗಿದ್ದರು. ಅವರೂ ಸೈಕಲ್ ಸವಾರರೇ. ತಮಗೆ ಒಪ್ಪುವ ಚೀಲ ಸಿಗದೆ ತಾವೇ ಹೊಲಿದುಕೊಂಡವರು. ಒತ್ತಾಗಿ ನೇಯ್ದ ದಪ್ಪ ಹತ್ತಿ ಕ್ಯಾನ್ವಾಸಿಗೆ ಒಂದು ಸೊಗಸಾದ ಗುಣವಿದೆ: ನೀರು ಬಿದ್ದಾಗ ನೂಲು ಉಬ್ಬಿ, ಎಳೆಗಳ ನಡುವಿನ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮೇಲೆ ಮೇಣ ಬಳಿದರೆ ಸಾಧಾರಣ ಮಳೆಗೆ ಅಷ್ಟೇ ಸಾಕು. ಅದು ಬಾಳಿಕೆಯ ಬಟ್ಟೆ, ಹರಿದರೆ ತೇಪೆ ಹಾಕಬಹುದು. ಆದರೆ ದಿನವಿಡೀ ಸುರಿಯುವ ಮಳೆಯಲ್ಲಿ ಹತ್ತಿ ನೀರು ಕುಡಿದು ಭಾರವಾಗುತ್ತದೆ, ಮೇಣವನ್ನು ಆಗಾಗ ಮತ್ತೆ ಬಳಿಯಬೇಕಾಗುತ್ತದೆ.

ಟಾರ್ಪಾಲಿನ ದಾರಿ ಬೇರೆ. ಪಾಲಿಯೆಸ್ಟರ್ ನೇಯ್ಗೆಯ ಎರಡೂ ಮುಖಕ್ಕೆ ಪಿವಿಸಿ ಲೇಪಿಸಿದ ಬಟ್ಟೆ ಅದು. ಬಲ ಕೊಡುವುದು ನೇಯ್ಗೆ, ನೀರು ತಡೆಯುವುದು ಲೇಪ. ಆದರೆ ಇದನ್ನು ಹೊಲಿದ ತಕ್ಷಣ ಹೊಸ ತೊಡಕು ಎದುರಾಗುತ್ತದೆ. ಸೂಜಿ ಚುಚ್ಚಿದಲ್ಲೆಲ್ಲ ಒಂದೊಂದು ತೂತು. ಹತ್ತಿಯ ನೂಲಿನ ಹಾಗೆ ಪಿವಿಸಿ ಉಬ್ಬಿ ಆ ತೂತನ್ನು ಮುಚ್ಚುವುದಿಲ್ಲ. ನೀರು ಬಿಡದ ಬಟ್ಟೆಯ ಚೀಲವೇ ಹೊಲಿಗೆಯ ಉದ್ದಕ್ಕೂ ಸೋರತೊಡಗುತ್ತದೆ.

ಹಾಗಾಗಿ ಸೂಜಿ-ದಾರವನ್ನೇ ಬಿಡಬೇಕಾಯಿತು. ಅದರ ಬದಲು ಬಂದದ್ದು ಹೈ ಫ್ರೀಕ್ವೆನ್ಸಿ ಬೆಸುಗೆ. ಎರಡು ಪದರಗಳನ್ನು ಲೋಹದ ಅಚ್ಚುಗಳ ನಡುವೆ ಒತ್ತಿ ಹಿಡಿದು, ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ದಿಕ್ಕು ಬದಲಿಸುವ ವಿದ್ಯುತ್ ಕ್ಷೇತ್ರವನ್ನು ಹಾಯಿಸುತ್ತಾರೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಆವರ್ತನ 27.12 ಮೆಗಾಹರ್ಟ್ಸ್. ಪಿವಿಸಿಯ ಅಣುಗಳು ಆ ಕ್ಷೇತ್ರದ ಜೊತೆ ಹೊರಳಲು ಹೆಣಗಿ ಒಳಗಿನಿಂದಲೇ ಬಿಸಿಯಾಗುತ್ತವೆ, ಎರಡು ಪದರ ಕರಗಿ ಒಂದಾಗುತ್ತದೆ. ಹೊರಗಿನಿಂದ ಕಾಯಿಸಿದಾಗ ಮೇಲ್ಮೈ ಸುಡುವ ಅಪಾಯವಿರುತ್ತದೆ. ಇಲ್ಲಿ ಕಾವು ಹುಟ್ಟುವುದೇ ಒಳಗೆ. ಬೆಸುಗೆ ಹಾಕಿದ ಜಾಗದಲ್ಲಿ ತೂತಿಲ್ಲ, ದಾರವಿಲ್ಲ, ಸವೆದು ಬಿಚ್ಚಿಕೊಳ್ಳುವ ಹೊಲಿಗೆಯೂ ಇಲ್ಲ.

ಇನ್ನು ಉಳಿದದ್ದು ಚೀಲದ ಬಾಯಿ. ಮುಚ್ಚಳ ಹಾಕಿದರೆ ಬದಿಯಿಂದ ನೀರು ನುಗ್ಗುತ್ತದೆ, ಸಾಮಾನ್ಯ ಜಿಪ್ಪಿನ ಹಲ್ಲುಗಳ ನಡುವೆ ಇಳಿಯುತ್ತದೆ. ಇದಕ್ಕೆ ಸಿಕ್ಕ ಪರಿಹಾರ ಎಷ್ಟು ಸರಳವೋ ಅಷ್ಟೇ ಗಟ್ಟಿ. ಬಾಯಿಯನ್ನು ಎತ್ತರವಾಗಿ ಬಿಟ್ಟು, ಎರಡು ಅಂಚು ಸೇರಿಸಿ, ಕೆಳಮುಖವಾಗಿ ಮೂರ್ನಾಲ್ಕು ಸುತ್ತು ಸುರುಳಿ ಸುತ್ತಿ ಬಕಲ್ ಹಾಕುವುದು. ಒಳಗೆ ಹೋಗಬೇಕಾದರೆ ಮಳೆಹನಿ ಆ ಸುರುಳಿಯ ಪ್ರತಿ ಸುತ್ತನ್ನೂ ದಾಟಬೇಕು. ಆರ್ಟ್‌ಲೀಬ್ ಕಂಪನಿಯ ಹೆಸರುವಾಸಿ ಚೀಲ 'ಬ್ಯಾಕ್ ರೋಲರ್'ಗೆ ಆ ಹೆಸರು ಬಂದದ್ದು ಈ ಸುರುಳಿಯಿಂದಲೇ.

ಆ ಚೀಲ ನೇತಾಡುವುದು ಹಿಂದಿನ ಕ್ಯಾರಿಯರ್‌ನ ಎರಡು ಬದಿಗೆ, ಜೋಡಿಯಾಗಿ. ಈ ಜಾಣ್ಮೆ ನಮಗೆ ಹೊಸದಲ್ಲ. ಎತ್ತಿನ ಬೆನ್ನಿನ ಮೇಲೆ ಎರಡು ಬದಿಗೆ ತೂಗುವ ಹಸಿಬೆ ಚೀಲದಲ್ಲಿ ಅದಿದೆ. ಸೈಕಲ್ಲಿನ ಎರಡು ಬದಿಗೆ ಕ್ಯಾನ್ ನೇತುಹಾಕಿ ಬರುತ್ತಿದ್ದ ನಮ್ಮ ಹಾಲಿನವರೂ ಅದನ್ನು ಬಲ್ಲವರೇ. ಭಾರ ನೆಲಕ್ಕೆ ಹತ್ತಿರವಾಗಿದ್ದಷ್ಟೂ, ಎರಡು ಕಡೆಗೆ ಸಮನಾಗಿದ್ದಷ್ಟೂ ಸೈಕಲ್ ಕಡಿಮೆ ತೂರಾಡುತ್ತದೆ. ಅದೇ ಭಾರವನ್ನು ಬೆನ್ನಿಗೆ ಹಾಕಿಕೊಂಡರೆ ಅದು ಎತ್ತರಕ್ಕೆ ಏರುತ್ತದೆ. ತಿರುವಿನಲ್ಲಿ ಓಲಾಡಿಸುತ್ತದೆ, ಮುಂದಕ್ಕೆ ಬಾಗಿ ಕೂತವನ ಸೊಂಟ, ಹೆಗಲು, ಅಂಗೈಗಳ ಮೇಲೆ ಒತ್ತುತ್ತದೆ. ಹಗುರವಾದ ಚೀಲವೂ ಗಂಟೆಗಟ್ಟಲೆಯ ಸವಾರಿಯಲ್ಲಿ ಹಗುರವಾಗಿ ಉಳಿಯುವುದಿಲ್ಲ.

ಹಾಗಾದರೆ ಬೆನ್ನಿನ ಚೀಲ ಯಾರಿಗೂ ಬೇಡವೇ? ಇದಕ್ಕೆ ಉತ್ತರ ಸ್ವಿಟ್ಜರ್ಲೆಂಡಿನಲ್ಲಿದೆ, ಅದೂ ಲಾರಿಯ ಟಾರ್ಪಾಲಿನಲ್ಲೇ ಇದೆ.

1993ರಲ್ಲಿ ಜ್ಯೂರಿಕ್ ನಗರದಲ್ಲಿ ಮಾರ್ಕಸ್ ಮತ್ತು ಡೇನಿಯಲ್ ಫ್ರೈಟಾಗ್ ಎಂಬ ಅಣ್ಣತಮ್ಮಂದಿರಿದ್ದರು. ಇಬ್ಬರೂ ವಿನ್ಯಾಸ ಕಲಿತವರು, ಇಬ್ಬರೂ ಓಡಾಡುತ್ತಿದ್ದದ್ದು ಸೈಕಲ್ಲಿನಲ್ಲಿ. ಬರೆದ ಚಿತ್ರಗಳು ಮಳೆಗೆ ಹಾಳಾಗದ ಹಾಗೆ ಒಯ್ಯಲು ಅವರಿಗೊಂದು ಚೀಲ ಬೇಕಿತ್ತು. ಅವರ ಮನೆಯ ಕಿಟಕಿಯಿಂದ ಕಾಣುತ್ತಿದ್ದದ್ದು ಹಾರ್ಡ್‌ಬ್ರುಕೆ ಎಂಬ ದೊಡ್ಡ ಮೇಲ್ಸೇತುವೆ, ಅದರ ಮೇಲೆ ಸಾಲುಸಾಲಾಗಿ ಬಣ್ಣಬಣ್ಣದ ಟಾರ್ಪಾಲು ಹೊದ್ದ ಲಾರಿಗಳು. ಹಳೆಯ ಟಾರ್ಪಾಲನ್ನು ತಂದು ತೊಳೆದು, ಮೆಸೆಂಜರ್ ಚೀಲ ಹೊಲಿದರು. ಅಂಚಿಗೆ ಸೈಕಲ್ಲಿನ ಹಳೆಯ ಟ್ಯೂಬು, ಹೆಗಲಪಟ್ಟಿಗೆ ಕಾರಿನ ಸೀಟ್ ಬೆಲ್ಟು. ರಸ್ತೆಯಲ್ಲಿ ವರ್ಷಗಟ್ಟಲೆ ದುಡಿದು ಸವೆದ ವಸ್ತುಗಳೇ ಎಲ್ಲವೂ. ಲಾರಿಯ ಮೇಲಿದ್ದ ಅಕ್ಷರ, ಬಣ್ಣಗಳ ಯಾವ ತುಂಡು ಎಲ್ಲಿಗೆ ಬಂತೋ ಹಾಗೆಯೇ ಉಳಿದದ್ದರಿಂದ ಒಂದು ಚೀಲ ಇನ್ನೊಂದರಂತಿಲ್ಲ. ಅವರ ಮೊದಲ ವಿನ್ಯಾಸ ಮುಂದೆ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ 'ಮೋಮಾ'ದ ಸಂಗ್ರಹಕ್ಕೂ ಸೇರಿತು.

ಅವರು ಹೊಲಿದ ಚೀಲದ ಆಕಾರ ನ್ಯೂಯಾರ್ಕಿನ ಸೈಕಲ್ ಕೊರಿಯರ್‌ಗಳದ್ದು. ಒಂದೇ ಪಟ್ಟಿ, ಹೆಗಲಿನಿಂದ ಎದೆಗೆ ಅಡ್ಡವಾಗಿ, ಚೀಲ ಬೆನ್ನಿಗೆ. ಆ ಹುಡುಗರು ದಿನಕ್ಕೆ ಎಷ್ಟೋ ಕಟ್ಟಡಗಳ ಮುಂದೆ ಇಳಿಯಬೇಕು, ಮೆಟ್ಟಿಲೇರಬೇಕು, ಲಕೋಟೆ ಕೊಡಬೇಕು, ಮತ್ತೆ ಹತ್ತಬೇಕು. ಪ್ರತಿ ಸಲವೂ ಕ್ಯಾರಿಯರ್‌ನಿಂದ ಚೀಲ ಬಿಚ್ಚುತ್ತ ಕೂತರೆ ಕೆಲಸ ಕೆಟ್ಟಂತೆಯೇ. ಚೀಲ ಮೈಮೇಲೇ ಇದ್ದರೆ ಪಟ್ಟಿಯನ್ನು ಸರಿಸಿ ಎದೆಯ ಮುಂದಕ್ಕೆ ತಂದು, ನಿಂತಲ್ಲೇ ತೆಗೆದು ಕೊಟ್ಟು ಮುಂದೆ ಹೋಗಬಹುದು.

ಆರ್ಟ್‌ಲೀಬ್ ಮತ್ತು ಫ್ರೈಟಾಗ್ ಸೋದರರ ಕೈಗೆ ಸಿಕ್ಕಿದ್ದು ಒಂದೇ ಬಟ್ಟೆ, ಎರಡು ಕಡೆಯೂ ಕಾಡಿದ್ದು ಮಳೆಯೇ. ಆದರೂ ಒಂದು ಚೀಲ ಸೈಕಲ್ಲಿಗೆ ಅಂಟಿತು, ಇನ್ನೊಂದು ಸವಾರನಿಗೆ ಅಂಟಿತು. ಬೆಳಗ್ಗೆ ಹತ್ತಿ ಸಂಜೆ ಇಳಿಯುವ ದೂರದ ಸವಾರ ಒಬ್ಬ, ಊರೊಳಗೆ ಗಳಿಗೆಗೊಮ್ಮೆ ಇಳಿಯುವವ ಇನ್ನೊಬ್ಬ. ಚೀಲ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಸಾಮಾನಿನ ತೂಕಕ್ಕಿಂತ ಮೊದಲು ಈ ಹತ್ತಿಳಿಯುವ ಲೆಕ್ಕ. ಸೈಕಲ್ ಚೀಲದ ಇತಿಹಾಸ ನನಗೆ ಕಲಿಸಿದ ದೊಡ್ಡ ಪಾಠ ಇದು.

ನಮ್ಮ ನಾಡಿಗೂ ಇದು ನೇರವಾಗಿ ಅನ್ವಯಿಸುತ್ತದೆ. ಮನೆಯಿಂದ ಹೊರಟು ಆಫೀಸಿನಲ್ಲೇ ಇಳಿಯುವವರಿಗೆ, ಅದರಲ್ಲೂ ಲ್ಯಾಪ್‌ಟಾಪ್, ಊಟದ ಡಬ್ಬಿ, ಬದಲಿ ಬಟ್ಟೆ ಒಯ್ಯುವವರಿಗೆ ಕ್ಯಾರಿಯರ್ ಹಾಕಿಸಿ ಚೀಲವನ್ನು ಬದಿಗೆ ತೂಗುಹಾಕುವುದೇ ಸರಿ. ಬಯಲುಸೀಮೆಯ ಬೇಸಿಗೆಯಲ್ಲಿ ಬೆನ್ನಿಗೆ ಗಾಳಿ ತಾಕುವುದೇ ಒಂದು ದೊಡ್ಡ ಲಾಭ. ಕೊಳ್ಳುವಾಗ ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ಬಡಿಯುವುದೇ ಎಂದು ನೋಡಬೇಕು, ಕೊಕ್ಕೆ ಕ್ಯಾರಿಯರ್‌ನ ಸರಳಿಗೆ ಬಿಗಿಯಾಗಿ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಬೇಕು. ನಾಲ್ಕು ಕಡೆ ಇಳಿದು ಹತ್ತುವವರಿಗೆ, ಸೈಕಲ್ ನಿಲ್ಲಿಸಿ ಬಸ್ಸು ಮೆಟ್ರೋ ಹಿಡಿಯುವವರಿಗೆ ಹೆಗಲ ಚೀಲ ಒಳ್ಳೆಯದು, ಹೊರೆ ಹಗುರವಾಗಿರಬೇಕಷ್ಟೇ. ಮಲೆನಾಡು, ಕರಾವಳಿಯ ಮಳೆಗಾಲಕ್ಕಂತೂ ಬೆಸೆದ ಅಂಚು, ಸುರುಳಿ ಬಾಯಿ ಇರುವುದನ್ನೇ ಆರಿಸಬೇಕು. ಒಂದು ಎಚ್ಚರಿಕೆಯೂ ಬೇಕು: ನೀರನ್ನು ಒಳಗೆ ಬಿಡದ ಬಟ್ಟೆ ಹೊರಗೂ ಬಿಡುವುದಿಲ್ಲ. ಒದ್ದೆ ರೇನ್‌ಕೋಟನ್ನು ಒಳಗೆ ತುರುಕಿ ಬಾಯಿ ಕಟ್ಟಿದರೆ ಬೂಸು ಹಿಡಿಯುತ್ತದೆ, ಮನೆಗೆ ಬಂದಕೂಡಲೇ ಬಾಯಿ ತೆರೆದು ಒಣಗಿಸಬೇಕು.

ಆರ್ಟ್‌ಲೀಬ್ ಆಗಲಿ ಫ್ರೈಟಾಗ್ ಸೋದರರಾಗಲಿ ಹೊಸ ಬಟ್ಟೆಯನ್ನು ಸೃಷ್ಟಿಸಲಿಲ್ಲ. ಅದು ಎಲ್ಲರ ಕಣ್ಣೆದುರೇ ರಸ್ತೆಯ ಮೇಲೆ ಓಡುತ್ತಿತ್ತು. ತಮ್ಮ ಸವಾರಿಯ ಕಷ್ಟವನ್ನು ಸ್ಪಷ್ಟವಾಗಿ ತಿಳಿದಿದ್ದರಿಂದ ಅದು ಅವರಿಗೆ ಚೀಲವಾಗಿ ಕಂಡಿತು. ಅಂಗಡಿಗೆ ಹೋಗುವ ನಾವೂ ಅಷ್ಟನ್ನು ತಿಳಿದು ಹೋಗಬಹುದು. ಎಷ್ಟು ದೂರ, ಎಂಥ ಮಳೆ, ಎಷ್ಟು ಸಲ ಇಳಿಯುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಿದ್ದರೆ, ಬಣ್ಣ ಮತ್ತು ಜೇಬುಗಳನ್ನು ಕೊನೆಗೆ ನಿಶ್ಚಿಂತೆಯಿಂದ ನೋಡಬಹುದು.