ಬೆಳಗಿನ ಉಪಾಹಾರಕ್ಕೆ ಮುನ್ನಾದಿನದ ಸಿದ್ಧತೆ

ತಂದೆ ತಾಯಿ ಇಬ್ಬರೂ ದುಡಿಯುವ ಮನೆಗಳಲ್ಲಿ ಬೆಳಗಿನ ಉಪಾಹಾರ ತಯಾರಿಸಲು ದೊರೆಯುವ ವೇಳೆ ಅತ್ಯಲ್ಪ. ಇದರಿಂದ ಮಕ್ಕಳು ಚಹಾ-ಬಿಸ್ಕತ್ತು ಸೇವಿಸಿ ಅಥವಾ ಬರಿಹೊಟ್ಟೆಯಲ್ಲಿಯೇ ಶಾಲೆಗೆ ತೆರಳುವುದುಂಟು. ಮುನ್ನಾದಿನದ ಸಿದ್ಧತೆಯಿಂದ ಇದನ್ನು ತಪ್ಪಿಸಬಹುದು. ಆದರೆ ಯಾವುದನ್ನು ಮೊದಲೇ ಮಾಡಿಡಬಹುದು, ಯಾವುದನ್ನು ಇಡಕೂಡದು ಎಂಬ ತಿಳಿವಳಿಕೆ ಅವಶ್ಯಕ.

ಇಡ್ಲಿ, ದೋಸೆ ಹಿಟ್ಟು

3 ಅಳತೆ ಅಕ್ಕಿಗೆ 1 ಅಳತೆ ಉದ್ದಿನ ಬೇಳೆಯನ್ನು 4ರಿಂದ 6 ಗಂಟೆ ನೆನೆಸಿ ರುಬ್ಬಿಟ್ಟರೆ, 8ರಿಂದ 12 ಗಂಟೆಗಳಲ್ಲಿ ಹಿಟ್ಟು ಹುದುಗು ಬರುತ್ತದೆ. ಉದ್ದು ಮತ್ತು ಅಕ್ಕಿಯಲ್ಲಿ ಸಹಜವಾಗಿರುವ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಗಳೇ ಹಿಟ್ಟು ಉಬ್ಬಲು ಮುಖ್ಯ ಕಾರಣ. ಡಿಸೆಂಬರ್-ಜನವರಿಯ ಚಳಿಯಲ್ಲಿ ಹೆಚ್ಚು ಸಮಯ ಬೇಕಾಗುವುದರಿಂದ ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಒಲೆಯ ಸಮೀಪ ಇಡುವುದು ಸೂಕ್ತ. ಉಬ್ಬಿದ ಹಿಟ್ಟನ್ನು ಫ್ರಿಜ್ಜಿನಲ್ಲಿ 3 ದಿನಗಳವರೆಗೆ ಬಳಸಬಹುದು. ಪ್ರತಿದಿನ ಬೇಕಾದಷ್ಟನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದುಕೊಳ್ಳತಕ್ಕದ್ದು. ಫ್ರಿಜ್ಜು ಇಲ್ಲದವರು ಒಂದು ದಿನಕ್ಕೆ ಸಾಕಾಗುವಷ್ಟೇ ರುಬ್ಬುವುದು ಒಳಿತು.

ಉಳಿದ ಅನ್ನದ ಬಗ್ಗೆ ಎಚ್ಚರಿಕೆ

ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ಬಹುತೇಕ ಮನೆಗಳಲ್ಲಿರುವ ರೂಢಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳಿರುವ ಸಾಧ್ಯತೆಯಿದ್ದು, ಅವು ಅನ್ನ ಬೆಂದರೂ ನಾಶವಾಗುವುದಿಲ್ಲ. ಅನ್ನವು ಹೊರಗೇ ಉಳಿದಲ್ಲಿ ಅವು ಬೆಳೆದು ವಿಷವನ್ನು ಉತ್ಪಾದಿಸುತ್ತವೆ. ವಾಂತಿಗೆ ಕಾರಣವಾಗುವ ಈ ವಿಷವು ಮರುದಿನ ಬಾಣಲೆಯಲ್ಲಿ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನದ ವಾಸನೆ, ರುಚಿ ಸರಿಯಾಗಿಯೇ ಇರಬಹುದಾದ್ದರಿಂದ ಅವುಗಳನ್ನು ನಂಬುವಂತಿಲ್ಲ. ಆದುದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು. ಮರುದಿನ ಹಬೆಯಾಡುವಂತೆ ಬಿಸಿ ಮಾಡಿ ಬಳಸಬೇಕು. ಫ್ರಿಜ್ಜು ಇಲ್ಲದಿದ್ದಲ್ಲಿ ರಾತ್ರಿ ಅಕ್ಕಿಯನ್ನು ಅಳೆದಿಟ್ಟು, ಬೆಳಿಗ್ಗೆ ಕುಕ್ಕರಿನಲ್ಲಿ ಹೊಸದಾಗಿ ಅನ್ನ ಮಾಡುವುದೇ ಕ್ಷೇಮ. ಇದಕ್ಕೆ ತಗಲುವ ಸಮಯವೂ ಹೆಚ್ಚಲ್ಲ.

ಫ್ರಿಜ್ಜು ಬೇಡದ ಸಿದ್ಧತೆಗಳು

ರವೆಯನ್ನು ಘಮ ಬರುವವರೆಗೆ ಹುರಿದು, ಪೂರ್ಣವಾಗಿ ಆರಿದ ಮೇಲೆ ಡಬ್ಬಿಯಲ್ಲಿಟ್ಟರೆ ಉಪ್ಪಿಟ್ಟಿಗೆ ಅರ್ಧ ಕೆಲಸ ಮುಗಿದಂತೆ. ಹುಣಸೆ, ಬೆಲ್ಲ, ಉಪ್ಪು, ಎಣ್ಣೆ ಧಾರಾಳವಾಗಿರುವ ಪುಳಿಯೋಗರೆ ಗೊಜ್ಜನ್ನು ನೀರಿನಂಶ ಆರುವವರೆಗೆ ಕುದಿಸಿ, ಒಣ ಚಮಚದಿಂದಲೇ ಬಳಸಿದಲ್ಲಿ ಹಲವು ದಿನ ಕೆಡುವುದಿಲ್ಲ.

ಒಲೆ ಹಚ್ಚಲೂ ಸಮಯವಿಲ್ಲದ ದಿನಕ್ಕೆ ರಾಗಿ ಹುರಿಹಿಟ್ಟು ಅತ್ಯುತ್ತಮ. ಅರಳಿಸಿದ ರಾಗಿಯ ಈ ಹಿಟ್ಟಿಗೆ ಕಾಯಿಸಿ ಆರಿಸಿದ ಹಾಲು, ಬೆಲ್ಲ ಬೆರೆಸಿದರೆ ಸಾಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಅಂಗಡಿಯ ಬಿಸ್ಕತ್ತಿಗಿಂತ ಇದು ಎಷ್ಟೋ ಮೇಲು.

ತೆಂಗಿನಕಾಯಿ ಚಟ್ನಿ ಬೇಗ ಹಳಸುತ್ತದೆ. ಹುರಿಗಡಲೆ, ಮೆಣಸಿನಕಾಯಿಗಳನ್ನು ರಾತ್ರಿಯೇ ತೆಗೆದಿಟ್ಟು, ಕಾಯಿ ತುರಿದು ರುಬ್ಬುವುದನ್ನು ಬೆಳಿಗ್ಗೆಗೇ ಉಳಿಸಿಕೊಳ್ಳಬೇಕು. ಮಗುವಿನ ಊಟದ ಡಬ್ಬಿಗೆ ಚಟ್ನಿಯ ಬದಲು ಚಟ್ನಿಪುಡಿಯನ್ನು ಕಳುಹಿಸುವುದು ಸೂಕ್ತ.