ಸೈನಿಕರ ಅಂಗವೈಕಲ್ಯ ಪಿಂಚಣಿ: ಮನೆಯವರು ತಿಳಿದಿರಬೇಕಾದ ವಿಷಯಗಳು



ಕೊಡಗು, ಬೆಳಗಾವಿ, ವಿಜಯಪುರ, ಹಾಸನ ಹೀಗೆ ನಮ್ಮ ರಾಜ್ಯದ ಅನೇಕ ಜಿಲ್ಲೆಗಳಿಂದ ಸೈನ್ಯಕ್ಕೆ ಸೇರಿದವರಿದ್ದಾರೆ. ಅವರಲ್ಲಿ ಕೆಲವರು ಕಾಲಿಗೆ ಪೆಟ್ಟು ಮಾಡಿಕೊಂಡು, ಕಿವಿ ಮಂದವಾಗಿ, ಬಿ.ಪಿ., ಫಿಟ್ಸ್ ಅಥವಾ ಮಾನಸಿಕ ಕಾಯಿಲೆ ಹಿಡಿದು ಮನೆಗೆ ಬರುತ್ತಾರೆ. ಔಷಧಿ ಖರ್ಚು, ಮಕ್ಕಳ ಫೀಸು, ಸಂಘದ ಸಾಲದ ಕಂತು ಎಲ್ಲವೂ ಆಗ ಹೆಂಡತಿಯ ತಲೆ ಮೇಲೆ ಬೀಳುತ್ತದೆ. ಇಂಥವರಿಗಾಗಿ ಅಂಗವೈಕಲ್ಯ ಪಿಂಚಣಿ ಇದೆ. ಇದು ದಾನವಲ್ಲ, ಹಕ್ಕು. ಆದರೆ ‘ನಿಮಗೆ ಸಿಗುವುದಿಲ್ಲ’ ಅಂತ ಒಂದು ಪತ್ರ ಬಂದ ಕೂಡಲೇ ಎಷ್ಟೋ ಮನೆಯವರು ಸುಮ್ಮನಾಗಿಬಿಡುತ್ತಾರೆ. ಆ ಪತ್ರವೇ ಕೊನೆಯಲ್ಲ.

ಯಾರಿಗೆ ಸಿಗುತ್ತದೆ?

ಮುಖ್ಯವಾಗಿ ಎರಡು ಪ್ರಶ್ನೆಗಳಿವೆ.

1. ಅಂಗವೈಕಲ್ಯ ಎಷ್ಟು? ಸೇನೆಯಿಂದ ಬಿಡುಗಡೆಯಾಗುವಾಗ ಮೆಡಿಕಲ್ ಬೋರ್ಡ್ ತಪಾಸಣೆ ಮಾಡಿ ಶೇಕಡಾ ಲೆಕ್ಕದಲ್ಲಿ ಬರೆಯುತ್ತದೆ. ಕನಿಷ್ಠ ಶೇ. 20 ಇರಬೇಕು.

2. ಅದಕ್ಕೂ ಸೇವೆಗೂ ಸಂಬಂಧ ಇದೆಯೇ? ಸೇವೆಯಿಂದಲೇ ಬಂದಿರಬೇಕು, ಇಲ್ಲವೇ ಮೊದಲಿದ್ದದ್ದು ಸೇವೆಯಿಂದ ಹೆಚ್ಚಾಗಿರಬೇಕು.

ಗುಂಡೇಟು ಮಾತ್ರ ಲೆಕ್ಕಕ್ಕೆ ಬರುತ್ತದೆ ಅಂತ ತಿಳಿಯಬೇಡಿ. ಕಾಯಿಲೆಯೂ ಬರುತ್ತದೆ. ರಜೆಯ ಮೇಲೆ ಡ್ಯೂಟಿ ಸ್ಥಳದಿಂದ ಮನೆಗೆ ಬರುವ ದಾರಿಯಲ್ಲಿ ಅಪಘಾತವಾದರೂ ಕೇಳಬಹುದು. ಆದರೆ ರಜೆಯಲ್ಲಿ ಮನೆಯಲ್ಲಿದ್ದಾಗ ಸ್ವಂತ ಕೆಲಸದಲ್ಲಿ ಬಿದ್ದು ಪೆಟ್ಟಾದರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಎಷ್ಟು ಸಿಗುತ್ತದೆ?

ಅಂಗವೈಕಲ್ಯದ ಕಾರಣ ಸೇವೆಯ ನಡುವೆಯೇ ಮನೆಗೆ ಕಳುಹಿಸಿದರೆ ಪಿಂಚಣಿಯಲ್ಲಿ ಎರಡು ಭಾಗ: ಒಂದು ಸೇವಾ ಭಾಗ, ಇನ್ನೊಂದು ಅಂಗವೈಕಲ್ಯ ಭಾಗ. ಶೇ. 100 ಅಂಗವೈಕಲ್ಯಕ್ಕೆ ಎರಡನೇ ಭಾಗ ಕೊನೆಯ ವೇತನದ ಶೇ. 30. ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ಇದರ ಮೇಲೆ ತುಟ್ಟಿಭತ್ಯೆಯೂ ಸೇರುತ್ತದೆ.

ಇಲ್ಲೊಂದು ಅನುಕೂಲವಿದೆ. ಹೀಗೆ ನಡುವೆ ಕಳುಹಿಸಿದವರಿಗೆ 1996ರಿಂದ ಶೇ. 50ಕ್ಕಿಂತ ಕಡಿಮೆ ಇದ್ದರೆ 50 ಅಂತ, 50ರಿಂದ 75ರವರೆಗೆ ಇದ್ದರೆ 75 ಅಂತ, ಅದಕ್ಕೂ ಹೆಚ್ಚಿದ್ದರೆ 100 ಅಂತ ಲೆಕ್ಕ ಹಿಡಿಯುತ್ತಾರೆ. ವೇತನ 40,000 ರೂ., ಅಂಗವೈಕಲ್ಯ ಶೇ. 30 ಅಂತ ಇಟ್ಟುಕೊಳ್ಳಿ. ಹಾಗೇ ಲೆಕ್ಕ ಹಾಕಿದರೆ ತಿಂಗಳಿಗೆ 3,600 ರೂ.; 50 ಅಂತ ಹಿಡಿದರೆ 6,000 ರೂ. ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ಲೆಕ್ಕ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಹಳೆಯ ನಿವೃತ್ತರು ತಮ್ಮ ಪಿಂಚಣಿ ಆದೇಶ, ಅಂದರೆ ಪಿ.ಪಿ.ಓ. ತೆಗೆದು ಇದನ್ನು ನೋಡಿಕೊಳ್ಳಬೇಕು.

ಒಂದು ಎಚ್ಚರಿಕೆ: 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಅದಕ್ಕೆ ಮೊದಲು ಬಿಡುಗಡೆಯಾದವರಿಗೆ ಹಳೆಯ ನಿಯಮ, ಆಮೇಲಿನವರಿಗೆ ಹೊಸದು. ಹಾಗಾಗಿ ಎಲ್ಲಿ ವಿಚಾರಿಸಿದರೂ ಮೊದಲು ಬಿಡುಗಡೆಯ ತಾರೀಕು ಹೇಳಿ. ಅಗ್ನಿವೀರರಿಗೆ ಈ ಪಿಂಚಣಿ ಇಲ್ಲ. ಸೇವೆಯಿಂದ ಅಂಗವೈಕಲ್ಯ ಆದರೆ ಅದರ ಪ್ರಮಾಣ ನೋಡಿ 44, 25 ಅಥವಾ 15 ಲಕ್ಷ ರೂ. ಒಂದೇ ಸಲದ ಪರಿಹಾರವಿದೆ.

ಅರ್ಜಿ ಹೇಗೆ?

ಸಾಮಾನ್ಯವಾಗಿ ಮೆಡಿಕಲ್ ಬೋರ್ಡಿನ ವರದಿ ಸೈನಿಕರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ಮಂಜೂರಾದರೆ ಪಿ.ಪಿ.ಓ. ಬರುತ್ತದೆ. ಬಿಟ್ಟುಹೋಗಿದ್ದರೆ ರೆಕಾರ್ಡ್ ಆಫೀಸಿಗೆ ನಾವೇ ಬರೆಯಬೇಕು. ಸೈನಿಕರ ನಂಬರ್, ಹುದ್ದೆ, ಹೆಸರು, ಬಿಡುಗಡೆಯ ತಾರೀಕು ಬರೆದು ಇವುಗಳ ನಕಲು ಇಡಿ:

• ಡಿಸ್ಚಾರ್ಜ್ ಬುಕ್
• ಮೆಡಿಕಲ್ ಬೋರ್ಡಿನ ವರದಿ
• ಪೆಟ್ಟಾಗಿದ್ದರೆ ಇಂಜುರಿ ರಿಪೋರ್ಟ್, ವಿಚಾರಣೆ ನಡೆದಿದ್ದರೆ ಅದರ ವರದಿ
• ಮಿಲಿಟರಿ ಆಸ್ಪತ್ರೆಯ ಚೀಟಿಗಳು
• ಪಿ.ಪಿ.ಓ., ಆಧಾರ್, ಬ್ಯಾಂಕ್ ಪಾಸ್‌ಬುಕ್

ಮೆಡಿಕಲ್ ಬೋರ್ಡಿನ ವರದಿ ಮನೆಯಲ್ಲಿ ಇಲ್ಲದಿದ್ದರೆ 10 ರೂ. ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಈ ಅರ್ಜಿಗೆ ಸೈನಿಕರೇ ಸಹಿ ಮಾಡಲಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.

ಇಲ್ಲ ಅಂದರೆ?

ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಅದೂ ಆಗದಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಪತ್ರ ಬಂದ ತಾರೀಕನ್ನು ಅದರ ಮೇಲೇ ಬರೆದಿಡಿ.

ಧರ್ಮವೀರ್ ಸಿಂಗ್ ಎಂಬ ಸೈನಿಕರು 1985ರಲ್ಲಿ ಸೇನೆಗೆ ಸೇರಿದರು. ಫಿಟ್ಸ್ ಕಾಯಿಲೆಯ ಕಾರಣ 1994ರಲ್ಲಿ ಅವರನ್ನು ಕಳುಹಿಸಿದರು. ‘ಇದು ಹುಟ್ಟುಗುಣದ ಕಾಯಿಲೆ, ಸೇವೆಗೆ ಸಂಬಂಧ ಇಲ್ಲ’ ಅಂತ ಪಿಂಚಣಿ ನಿರಾಕರಿಸಲಾಯಿತು. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಸೇರುವಾಗಿನ ತಪಾಸಣೆಯಲ್ಲಿ ಕಾಯಿಲೆ ಬರೆದಿಲ್ಲದಿದ್ದರೆ, ಅದು ಸೇವೆಯಲ್ಲೇ ಬಂದದ್ದೆಂದು ತಿಳಿಯಬೇಕು. ಹಾಗಲ್ಲವೆಂದು ತೋರಿಸುವ ಹೊಣೆ ಸೈನಿಕರದ್ದಲ್ಲ ಎಂದಿತು. ಹಳೆಯ ನಿಯಮಕ್ಕೆ ಸೇರಿದವರಿಗೆ ಈ ತೀರ್ಪು ದೊಡ್ಡ ಬಲ.

ತಡವಾದರೂ ಕೇಳಬಹುದು, ಆದರೆ ತಡಕ್ಕೆ ಬೆಲೆ ತೆರಬೇಕಾಗುತ್ತದೆ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಎಷ್ಟೋ ವರ್ಷ ಕಳೆದು ಕೋರ್ಟಿಗೆ ಹೋದವರಿಗೆ ಹಿಂದಿನ ಬಾಕಿ ಮೂರು ವರ್ಷದ್ದು ಮಾತ್ರ ಸಿಕ್ಕಿತು.

ಸಹಾಯ ಎಲ್ಲಿ?

ಮೊದಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಮಡಿಕೇರಿ, ಮಂಗಳೂರು, ಬೆಳಗಾವಿ, ವಿಜಯಪುರ ಮುಂತಾದ ಕಡೆ ಕಚೇರಿಗಳಿವೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ‘ಪಾಸು ಮಾಡಿಸಿಕೊಡ್ತೀನಿ, ಅರ್ಧ ಕೊಡಿ’ ಅನ್ನುವ ದಲ್ಲಾಳಿಗಳಿಂದ ದೂರ ಇರಿ. ಪಿಂಚಣಿ ಬರುತ್ತಿರುವವರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಲು ಮರೆಯಬಾರದು.

ಮಾನಸಿಕ ಕಾಯಿಲೆ ಇದ್ದರೆ ‘ಊರವರು ಏನಂದಾರು’ ಅಂತ ಚೀಟಿಗಳನ್ನು ಸುಟ್ಟು ಹಾಕಬೇಡಿ. ಅವೇ ಸಾಕ್ಷಿ. ಇನ್ನೊಂದು ಮಾತು: ಪಿ.ಪಿ.ಓ.ದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಸರಿ ಇದೆಯೇ ಅಂತ ಇವತ್ತೇ ನೋಡಿ. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಬರುವುದು ಆ ಹೆಸರಿಗೇ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದಲ್ಲಿ, ನಮ್ಮ ಬೀದಿಯಲ್ಲಿ ಮಾಜಿ ಸೈನಿಕರ ಮನೆಗಳು ಎಷ್ಟು?
2. ಅವರಲ್ಲಿ ಡಿಸ್ಚಾರ್ಜ್ ಬುಕ್, ಪಿ.ಪಿ.ಓ., ಮೆಡಿಕಲ್ ಬೋರ್ಡ್ ವರದಿ ಮೂರೂ ಇರುವವರು ಯಾರು?
3. ಇಲ್ಲದವರ ಜೊತೆ ಸೈನಿಕ ಕಲ್ಯಾಣ ಕಚೇರಿಗೆ ಯಾರು ಹೋಗುತ್ತೀರಿ? ಯಾವ ದಿನ?