ಬಾಗಿಲಿಗೆ ಬಂದ ಕೊಳಲು

ಅನ್ನಪೂರ್ಣೇಶ್ವರಿ ನಗರದ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಹತ್ತು ವರ್ಷದ ಬಾಲಕನಿಗೆ ವಿಜಯದಶಮಿಯಂದು ಕೊಳಲಿನ ಪಾಠ ಆರಂಭವಾಗಬೇಕು. ತಂದೆಗೆ ಕಚೇರಿಯಿಂದ ಬಿಡುವಿಲ್ಲ. ಪೇಟೆಗೆ ಹೋಗಿ ಬರುವುದೆಂದರೆ ಅರ್ಧ ದಿನದ ಕೆಲಸ. ರಾತ್ರಿ ಊಟವಾದ ಮೇಲೆ ತಾಯಿ ಮೊಬೈಲಿನಲ್ಲಿ ಹತ್ತಾರು ಕೊಳಲುಗಳನ್ನು ನೋಡಿ, ಬೆಲೆಗಳನ್ನು ಹೋಲಿಸಿ, ಅಂದವಾದ ಒಂದನ್ನು ತರಿಸುತ್ತಾಳೆ. ಮೂರನೆಯ ದಿನ ಕೊಳಲು ಬಾಗಿಲಿಗೇ ಬರುತ್ತದೆ. ಬಿದಿರು ನಯವಾಗಿದೆ, ಸುತ್ತಿದ ದಾರ ಕೆಂಪಗೆ ಹೊಳೆಯುತ್ತಿದೆ. ಗುರುಗಳು ಅದನ್ನು ಕೈಗೆತ್ತಿಕೊಂಡು, ರಂಧ್ರಗಳನ್ನೆಣಿಸಿ, ಮೆಲ್ಲನೆ ಕೆಳಗಿಡುತ್ತಾರೆ.

“ಒಳ್ಳೆಯ ಕೊಳಲೇ, ಮಗು. ಆದರೆ ನಮ್ಮ ಪಾಠಕ್ಕೆ ಒದಗುವುದಿಲ್ಲ.”

ದೋಷ ಕೊಳಲಿನದಲ್ಲ. ಹಿಂದೂಸ್ತಾನಿ ಬಾನ್ಸುರಿಗೆ ಸಾಮಾನ್ಯವಾಗಿ ಬೆರಳಿನ ರಂಧ್ರಗಳು ಆರು. ಕರ್ನಾಟಕ ಸಂಗೀತದ ಕೊಳಲಿಗೆ ಎಂಟು. ಇದರ ಮೇಲೆ ಶ್ರುತಿಯ ಪ್ರಶ್ನೆ ಬೇರೆ. ತಂತಿಯನ್ನು ಬಿಗಿದೋ ಸಡಿಲಿಸಿಯೋ ಶ್ರುತಿಗೆ ತರಬಹುದು. ಕೊಳಲಿನ ಶ್ರುತಿಯಾದರೋ ಅದರ ಉದ್ದ, ಒಳಗಿನ ಅಗಲ ಮತ್ತು ರಂಧ್ರಗಳ ಸ್ಥಾನದಿಂದಲೇ ನಿಶ್ಚಿತವಾಗಿರುತ್ತದೆ. ಚಿತ್ರವು ಬಣ್ಣವನ್ನು ತೋರಿಸೀತು, ನಾದವನ್ನು ತೋರಿಸಲಾರದು.

ಹಾಗೆಂದು ಆನ್‌ಲೈನ್ ವ್ಯಾಪಾರವನ್ನೇ ಹಳಿಯುವುದು ನ್ಯಾಯವಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅಂಥ ಯಂತ್ರಗಳು, ಕೀಬೋರ್ಡುಗಳು, ಮೈಕುಗಳು, ಗುರುತು ಗೊತ್ತಿರುವ ತಂತಿಗಳು—ಇವು ಕಾರ್ಖಾನೆಯಲ್ಲಿ ಒಂದೇ ಅಳತೆಗೆ ತಯಾರಾಗುವ ವಸ್ತುಗಳು. ಒಂದು ಮಾದರಿಯ ಪೆಟ್ಟಿಗೆ ಇನ್ನೊಂದರಂತೆಯೇ ನುಡಿಯುತ್ತದೆ. ಮಾದರಿಯ ಹೆಸರು, ಖಾತರಿಯ ಅವಧಿ, ದುರಸ್ತಿಯ ಸ್ಥಳ—ಇಷ್ಟನ್ನು ವಿಚಾರಿಸಿಕೊಂಡು ಮನೆಯಿಂದಲೇ ತರಿಸಿಕೊಳ್ಳುವುದರಲ್ಲಿ ಲಾಭವೇ ಹೆಚ್ಚು.

ಮರ, ಬಿದಿರು, ಚರ್ಮಗಳ ವಿಷಯ ಹಾಗಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಯ ತಯಾರಿಕೆಗೆ ಹೆಸರಾದ ಊರು. ಒಬ್ಬನೇ ಕುಶಲಕರ್ಮಿ ಕೆತ್ತಿದ ಎರಡು ವೀಣೆಗಳೂ ಒಂದೇ ಬಗೆಯಲ್ಲಿ ನುಡಿಯಬೇಕೆಂಬ ನಿಯಮವಿಲ್ಲ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಬಿಸಿಲಿನ ಪಯಣದಲ್ಲಿ ಮೇಣ ಮೆದುವಾಗಿ ಮೆಟ್ಟಿಲು ಕದಲಿದರೆ ಸ್ವರವೂ ಕದಲುತ್ತದೆ. ಆಗ ಹೊಸದಾಗಿ ಮೇಳ ಕಟ್ಟಬಲ್ಲ ಕೈಯೇ ಬೇಕು.

ಅಂಥ ಕೈಗಳಿಗೆ ದಾರಿ ತೋರುವವರು ವಾದ್ಯದಂಗಡಿಯವರು. ನಾಯಂಡಹಳ್ಳಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಮಾರ್ಗ ಬದಲಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ವಾದ್ಯದಂಗಡಿಗಳಿಗೆ ಹೆಸರಾದ ಬಳೇಪೇಟೆ ಅಲ್ಲಿಗೆ ಸಮೀಪ. ಅಂಗಡಿಯವರೆಲ್ಲ ಧರ್ಮರಾಯರೆಂದಲ್ಲ. ವಾದ್ಯವನ್ನರಿಯದ ಗಿರಾಕಿಗೆ ಬೆಲೆ ಏರಿಸಿ ಹೇಳುವವರೂ ಇದ್ದಾರು. ಆದುದರಿಂದ ಗುರುಗಳನ್ನೋ ಹಿರಿಯ ವಿದ್ಯಾರ್ಥಿಯನ್ನೋ ಜೊತೆಗೆ ಕರೆದೊಯ್ಯುವುದು, ಮೊಬೈಲಿನಲ್ಲಿ ಬೆಲೆಯ ಅಂದಾಜು ನೋಡಿಕೊಂಡು ಹೋಗುವುದು ಜಾಣತನ.

ಆನ್‌ಲೈನಿನಲ್ಲಿ ಕೊಂಡವರಿಗೂ ಕಾನೂನಿನ ರಕ್ಷಣೆಯುಂಟು. 2020ರ ಇ-ವಾಣಿಜ್ಯ ನಿಯಮಗಳಂತೆ ದೂರು ತಲುಪಿದುದನ್ನು ಸಂಸ್ಥೆಯು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಯೂ ಇದೆ. ಒಡೆದು ಬಂದ ವಾದ್ಯಕ್ಕೆ ಇದರಿಂದ ಪರಿಹಾರ ದೊರೆತೀತು. ಆದರೆ ಹೇಳಿದಂತೆಯೇ ಬಂದ ಕೊಳಲು ಗುರುಗಳ ಶ್ರುತಿಗೆ ಹೊಂದದಿದ್ದರೆ ಅದನ್ನು ದೋಷವೆನ್ನುವುದು ಕಷ್ಟ.

ಇನ್ನೊಂದು ಸಂಗತಿಯೂ ಉಂಟು. ಅಂಗಡಿಯಲ್ಲಿ ಹತ್ತು ವಾದ್ಯಗಳನ್ನು ನುಡಿಸಿ ನೋಡಿ, ಹೊರಬಂದು ಮೊಬೈಲಿನಲ್ಲಿ ಕೊಳ್ಳುವವರಿಗೆ ನೂರಾರು ರೂಪಾಯಿ ಉಳಿಯಬಹುದು. ಎಲ್ಲರೂ ಹಾಗೆಯೇ ಮಾಡಿದರೆ ಅಂಗಡಿಯ ಬಾಗಿಲು ಮುಚ್ಚುವುದು. ಆಮೇಲೆ ಮೃದಂಗದ ಮುಚ್ಚಿಗೆ ಹರಿದಾಗ, ವೀಣೆಯ ಮೇಳ ಕೆಟ್ಟಾಗ ಯಾರ ಬಾಗಿಲು ತಟ್ಟಬೇಕು? ಉಳಿದ ಹಣ ಆಗ ಉಳಿತಾಯವೆನಿಸದು.

ಭಾನುವಾರ ತಂದೆ ಮಗ ಗುರುಗಳೊಡನೆ ಬಳೇಪೇಟೆಗೆ ಹೋಗುತ್ತಾರೆ. ಅಂಗಡಿಯಾತ ಆರು ಕೊಳಲುಗಳನ್ನು ಹರಡುತ್ತಾನೆ. ಗುರುಗಳು ಒಂದೊಂದನ್ನೇ ಊದಿ ನಾಲ್ಕನ್ನು ಬದಿಗಿಡುತ್ತಾರೆ. ಉಳಿದೆರಡರಲ್ಲಿ ಬಾಲಕನ ಪುಟ್ಟ ಬೆರಳುಗಳು ಎಲ್ಲ ರಂಧ್ರಗಳನ್ನೂ ಮುಚ್ಚಬಲ್ಲದ್ದು ಒಂದೇ. ಅದಕ್ಕೆ ಹೊಳೆಯುವ ದಾರವಿಲ್ಲ. ಆದರೆ ವಿಜಯದಶಮಿಯ ಬೆಳಿಗ್ಗೆ ಆ ಮನೆಯಲ್ಲಿ ಮೊದಲ ಷಡ್ಜ ಕೇಳಿಬರುವುದು ಅದರಿಂದಲೇ.